ತೋಟದಪ್ಪನವರ ಆಸ್ತಿ ಯಾರ ಪಾಲಾಯಿತು?

ಮಾಲೂರಿನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರು ಸಿಟಿ ಸ್ಟೇಷನ್‌ನಲ್ಲಿ ಇಳಿದವರೆಲ್ಲ ತೋಟದಪ್ಪ ಛತ್ರದ ಹೆಸರು ಕೇಳಿರುತ್ತೀರಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದರೂ ಅದು ಹತ್ತಿರವೇ. ಅಲ್ಲಿನ ರಸ್ತೆಗೂ ಅವರದೇ ಹೆಸರು. ಆದರೆ ಈ ತೋಟದಪ್ಪ ಯಾರು ಎಂದು ಕೇಳಿದರೆ ಬಹಳ ಮಂದಿ ನಾಟಕದ ಗುಬ್ಬಿ ವೀರಣ್ಣನವರನ್ನು ನೆನೆಯುತ್ತಾರೆ. ಇಬ್ಬರೂ ಗುಬ್ಬಿಯವರು ಎಂಬುದು ಬಿಟ್ಟರೆ ಇವರ ದಾರಿಯೇ ಬೇರೆ.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯ ಒಂದು ಲಿಂಗಾಯತ ಮನೆಯಲ್ಲಿ. ಕುಟುಂಬ ಬೆಂಗಳೂರಿಗೆ ಬಂದು ಪೇಟೆಯೊಳಗಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರಕ್ಕೆ ಕೂತಿತು. ವ್ಯಾಪಾರ ಕೈ ಹಿಡಿಯಿತು, ದುಡ್ಡು ಸೇರಿತು. ಆದರೆ ತೋಟದಪ್ಪ, ಗೌರಮ್ಮ ದಂಪತಿಗೆ ಮಕ್ಕಳಾಗಲಿಲ್ಲ.

ಆಸ್ತಿ ಇದ್ದು ಮಕ್ಕಳಿಲ್ಲದ ಮನೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಹಳ್ಳಿಯವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ದತ್ತು ಯಾರು, ಪಾಲು ಯಾರಿಗೆ ಎಂಬ ಮಾತು ಯಜಮಾನ ಬದುಕಿರುವಾಗಲೇ ಶುರುವಾಗುತ್ತದೆ. ತೋಟದಪ್ಪನವರು ತಮ್ಮ ಗಳಿಕೆಯನ್ನು ದಾರಿಹೋಕರಿಗೆ ಕೊಡಲು ಹೊರಟರು.

ಜಾಗ ಆರಿಸಿದ್ದರಲ್ಲಿ ವ್ಯಾಪಾರಿಯ ಕಣ್ಣು ಕಾಣುತ್ತದೆ. ಮಾಲೂರಿನ ಮೇಲೆ ಹಾದುಹೋಗುವ ಜೋಲಾರಪೇಟೆ ಹಳಿ ಬೆಂಗಳೂರು ದಂಡಿಗೆ ಮುಟ್ಟಿದ್ದು 1864ರಲ್ಲಿ. ಆಮೇಲೆ ಪೇಟೆಯ ಪಶ್ಚಿಮಕ್ಕೆ ಸಿಟಿ ಸ್ಟೇಷನ್ ಬಂತು. ಅದರ ಮುಂದೆ ಧರ್ಮಾಂಬುಧಿ ಕೆರೆ, ಈಗಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಆ ಕೆರೆಯ ಅಂಗಳದಲ್ಲೇ. ಕೋರ್ಟು, ಕಚೇರಿ, ಮದುವೆ ಜವಳಿ ಎಂದು ಬಂದವರಿಗೆ ರಾತ್ರಿ ತಂಗಲು ಈಗಿನ ಹಾಗೆ ಬೀದಿಗೊಂದು ಲಾಡ್ಜ್ ಇರಲಿಲ್ಲ. ನಮ್ಮ ಮುಳಬಾಗಿಲಿಗಂತೂ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಗಾಡಿ ಕಟ್ಟಿಕೊಂಡು ಸ್ಟೇಷನ್‌ವರೆಗೆ ಬಂದು, ರೈಲು ಹತ್ತಿ ಇಳಿಯುವಷ್ಟರಲ್ಲಿ ಮೈ ಸೋತಿರುತ್ತಿತ್ತು. ಅಂಥವರ ಕಣ್ಣೆದುರಿಗೇ, ರೈಲ್ವೆಯವರಿಂದ ಸುಮಾರು ಎರಡೂವರೆ ಎಕರೆ ಪಡೆದು ತೋಟದಪ್ಪನವರು ಛತ್ರ ಕಟ್ಟಿಸಿದರು.

ಛತ್ರ ತೆರೆದದ್ದು 1903ರ ಫೆಬ್ರವರಿಯಲ್ಲಿ. ಆಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. 1905ರಲ್ಲಿ ಓದುವ ಹುಡುಗರಿಗೆ ಉಚಿತ ಹಾಸ್ಟೆಲ್ ಕೂಡ ಶುರುವಾಯಿತು. ಹೈಸ್ಕೂಲು, ಕಾಲೇಜು ಎಂದರೆ ದೊಡ್ಡ ಊರಿಗೇ ಹೋಗಬೇಕಿದ್ದ ಕಾಲ ಅದು. ಫೀಸು ಹೇಗೋ ಹೊಂದಿಸಬಹುದಿತ್ತು. ಮಲಗಲು ಜಾಗವಿಲ್ಲದೆ ಓದು ಬಿಟ್ಟು ಊರಿಗೆ ಮರಳುವ ಪಾಡು ಬೇರೆ. ನಮ್ಮ ಲೆಕ್ಕದಲ್ಲಿ ಛತ್ರಕ್ಕಿಂತ ದೊಡ್ಡ ಕೆಲಸ ಈ ಹಾಸ್ಟೆಲ್ಲೇ.

ಕಟ್ಟಿಸುವುದು ಅರ್ಧ ಕೆಲಸ. ನಮ್ಮ ತಾಲ್ಲೂಕುಗಳಲ್ಲೂ ಹಳೇ ದಾರಿಗಳ ಪಕ್ಕ ಎಷ್ಟೋ ಕಲ್ಲಿನ ಛತ್ರಗಳು, ಅರವಟ್ಟಿಗೆಗಳು ಪಾಳು ಬಿದ್ದಿವೆ. ಕಟ್ಟಿಸಿದವರು ಹೋದ ಮೇಲೆ ನೋಡುವವರಿಲ್ಲ, ನಡೆಸಲು ವರಮಾನವಿಲ್ಲ. ತೋಟದಪ್ಪನವರು ಕೊನೆಗಾಲದಲ್ಲಿ ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದಿಟ್ಟರು. ಅದರ ಮೊದಲ ಅಧ್ಯಕ್ಷರು ಕೆ.ಪಿ. ಪುಟ್ಟಣ್ಣ ಚೆಟ್ಟಿ, ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಹೆಸರು ಮಾಡಿದವರು. ಇಂದಿನ ಟೌನ್‌ಹಾಲ್‌ಗೆ ಇರುವುದು ಅವರದೇ ಹೆಸರು. ಲೆಕ್ಕಪತ್ರ, ಕಾನೂನು, ಸರ್ಕಾರದ ನಡೆ ಬಲ್ಲವರ ಕೈಗೆ ಕೀಲಿಕೈ ಕೊಟ್ಟದ್ದರಿಂದಲೇ ಈ ಧರ್ಮ ಉಳಿಯಿತು ಎನ್ನಿಸುತ್ತದೆ ನಮಗೆ.

ತೋಟದಪ್ಪನವರು ತೀರಿಕೊಂಡದ್ದು 1910ರ ಫೆಬ್ರವರಿ 21ರಂದು. ಮಹಾರಾಜರು ಕೊಟ್ಟ ‘ಧರ್ಮಪ್ರವರ್ತ’, ಬ್ರಿಟಿಷರು ಕೊಟ್ಟ ‘ರಾವ್ ಬಹದ್ದೂರ್’ ಎರಡೂ ಬಿರುದುಗಳು ಇಂದಿಗೂ ಸಂಸ್ಥೆಯ ಹೆಸರಿನ ಮುಂದಿವೆ. ಜನರ ಬಾಯಲ್ಲಿ ಮಾತ್ರ ಅದು ತೋಟದಪ್ಪ ಛತ್ರ ಅಷ್ಟೆ. ಮುಂದಿನ ಸಲ ಮಾಲೂರಿನಿಂದ ರೈಲಿನಲ್ಲಿ ಹೋದಾಗ ಸ್ಟೇಷನ್ನಿನಿಂದ ಹೊರಗೆ ಬಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.