ನಡೆದು ಬರುವ ಹಬ್ಬಗಳು

ಶರದೃತುವೆಂಬ ಮಾತು ನಮ್ಮ ಜಗಳೂರು ಸೀಮೆಯಲ್ಲಿ ಪಂಚಾಂಗದೊಳಗಿದೆಯೇ ಹೊರತು ಜನರ ಬಾಯಲ್ಲಿಲ್ಲ. ಆಶ್ವಯುಜ, ಕಾರ್ತಿಕವೆಂದು ಪಂಡಿತರು ಕರೆಯುವ ಎರಡು ತಿಂಗಳನ್ನು ಇಲ್ಲಿನ ಬೇಸಾಯಗಾರನು ಹಸ್ತ, ಚಿತ್ತ, ಸ್ವಾತಿ ಎಂದು ಮಳೆಯ ಹೆಸರಿನಿಂದಲೇ ಎಣಿಸುತ್ತಾನೆ. ಹಸ್ತ ಕೈಕೊಟ್ಟಿತೆ, ಚಿತ್ತ ನಾಲ್ಕು ಹನಿಯನ್ನಾದರೂ ಉದುರಿಸಿತೆ ಎಂಬುದೇ ಅವನ ಋತುವರ್ಣನೆ. ಕಾವ್ಯದಲ್ಲಿ ಶರತ್ಕಾಲವೆಂದರೆ ತಿಳಿನೀರು, ಬೆಳ್ಮುಗಿಲು, ಹಂಸಗಳ ಸಾಲು. ಜಗಳೂರಿನಲ್ಲಿ ಅದೆಂದರೆ ಹೊಲದಲ್ಲಿ ನಿಂತಿದ್ದು ಇನ್ನೂ ಮನೆಗೆ ಬಾರದ ಬೆಳೆ. ಬೆಳೆ ಕಣ್ಣೆದುರಿಗಿದೆ, ಕೈಗೆ ಸಿಕ್ಕಿಲ್ಲ. ಈ ನಡುಗಾಲದ ಹಬ್ಬ, ಹಾಡು, ಚಿತ್ತಾರಗಳ ಚರಿತ್ರೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ನೆಲದ ಸಂಗತಿ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಎರಡು ಬೇರೆ ಬೇರೆ ಹವೆಯ ನಾಡುಗಳು ಒಂದೇ ಸೂರಿನ ಕೆಳಗೆ ಬಂದವು. ಚಿತ್ರದುರ್ಗ ಜಿಲ್ಲೆಯಿಂದ ಬಂದ ಜಗಳೂರು ಬಯಲು ನಾಡು. ಕುರುಚಲು ಗುಡ್ಡಗಳು, ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಅಡವಿ, ನಂಬಿಕೆಗೆ ಅರ್ಹವಲ್ಲದ ಮಳೆ. ಶಿವಮೊಗ್ಗ ಜಿಲ್ಲೆಯಿಂದ ಬಂದ ಚನ್ನಗಿರಿ, ಹೊನ್ನಾಳಿಗಳೂ ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟ ನ್ಯಾಮತಿಯೂ ಮಲೆನಾಡಿನ ಹೊಸ್ತಿಲು. ಜಗಳೂರಿನಿಂದ ಹೊರಟು ಪಡುವಣಕ್ಕೆ ನಡೆದರೆ ಜೋಳ, ಮೆಕ್ಕೆಜೋಳಗಳ ಹೊಲ ಹಿಂದಾಗಿ ಭತ್ತದ ಗದ್ದೆ ಬರುತ್ತದೆ. ಗದ್ದೆಯ ನಡುವೆ ಅಡಿಕೆ ತೋಟ ತಲೆಯೆತ್ತುತ್ತದೆ. ಶಿವಮೊಗ್ಗವನ್ನು ದಾಟಿದ ಮೇಲೆ ಸಹ್ಯಾದ್ರಿಯ ಕಾಡು. ಹಬ್ಬಗಳೂ ಇದೇ ದಾರಿಯಲ್ಲಿ ವೇಷ ಬದಲಿಸುತ್ತ ಹೋಗುತ್ತವೆ.

ಆದರೆ ಚರಿತ್ರೆಯ ಪುಸ್ತಕವನ್ನು ತೆರೆದರೆ ನಮಗೆ ಸಿಗುವ ಶರತ್ಕಾಲ ಅರಸರದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಬ್ಬರೂ ಮಹಾನವಮಿಯನ್ನು ಬೆರಗಿನಿಂದ ಬಣ್ಣಿಸಿದ್ದಾರೆ. ಸಿಂಗರಿಸಿದ ಆನೆ ಕುದುರೆಗಳು, ಜಟ್ಟಿಗಳ ಕಾಳಗ, ನರ್ತಕಿಯರು, ಬಾಣಬಿರುಸು. ಪಾಯಸ್ ಕಂಡ ಅರಮನೆಯ ಹೆಣ್ಣುಗಳಲ್ಲಿ ಕೆಲವರು ತೊಟ್ಟ ಚಿನ್ನದ ಭಾರಕ್ಕೆ ತೋಳುಗಳನ್ನು ಬೇರೆಯವರು ಆನಿಸಿ ಹಿಡಿದು ನಡೆಸಬೇಕಾಗಿತ್ತಂತೆ. ಮಳೆ ನಿಂತು ಹೊಳೆಗಳು ಇಳಿದು ದಂಡು ಹೊರಡಬಹುದಾದ ಕಾಲವದು. ಆಯುಧಗಳಿಗೆ ಪೂಜೆ ಸಲ್ಲುವುದು ಸಹಜವೇ. ಪಾಯಸನ ತರುವಾಯ ಬಂದ ನ್ಯೂನಿಜ್ ಇನ್ನೊಂದು ಮಾತನ್ನು ಬರೆದಿಟ್ಟಿದ್ದಾನೆ. ನಾಯಕರು ತಾವು ಸಲ್ಲಿಸಬೇಕಾದ ಹಣವನ್ನು ಅರಸನಿಗೆ ಒಪ್ಪಿಸುತ್ತಿದ್ದುದು ಈ ಒಂಬತ್ತು ದಿನಗಳಲ್ಲಿಯೇ. ಈ ಒಂದು ವಾಕ್ಯ ಉಳಿದ ವರ್ಣನೆಗಳಿಗೆಲ್ಲ ಬೀಗದ ಕೈಯಿದ್ದಂತೆ ಎಂದು ನನಗೆ ತೋರುತ್ತದೆ. ಎತ್ತರದಲ್ಲೊಂದು ದಿಬ್ಬ, ಅದರ ಮೇಲೆ ಅರಸು. ನಾಡಿನ ಜನ, ನಾಡಿನ ಕಲೆ, ನಾಡಿನ ದವಸ ಎಲ್ಲವೂ ಅದರತ್ತ ನಡೆದುಬರಬೇಕು. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಆ ನಡಿಗೆ ಕಲ್ಲಾಗಿ ನಿಂತಿದೆ.

1565ರಲ್ಲಿ ವಿಜಯನಗರ ಬಿದ್ದಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮಹಾನವಮಿಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಇತ್ತ ನಮ್ಮ ಕಡೆಯ ಅರಸುಮನೆಗಳು ಒಂದೊಂದಾಗಿ ಕಳಚಿದವು. ಕೆಳದಿ 1763ರಲ್ಲಿ, ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾದವು. ದಿಬ್ಬಗಳು ಹೋದ ಮೇಲೆ ಈ ಸೀಮೆಯಲ್ಲಿ ಶರತ್ಕಾಲದ ಕಲೆಯೂ ಹೋಗಬೇಕಾಗಿತ್ತಲ್ಲವೆ? ಹೋಗಲಿಲ್ಲ. ಏಕೆಂದರೆ ಇಲ್ಲಿ ಅದಕ್ಕೆ ದಿಬ್ಬದ ಹಂಗಿರಲಿಲ್ಲ. ಇಲ್ಲಿ ಜನರು ಹಬ್ಬದ ಬಳಿಗೆ ಹೋಗುವುದಕ್ಕಿಂತ ಹಬ್ಬವೇ ಜನರ ಬಳಿಗೆ ನಡೆದು ಬರುವುದು ಹೆಚ್ಚು. ಯಾವ ಪ್ರವಾಸಿಯೂ ಬರೆದಿಡದ ಆ ನಡಿಗೆಯೇ ನನ್ನ ವಿಷಯ.

ಋತುವಿನ ಬಾಗಿಲಲ್ಲಿ ಮೊದಲು ಬರುವವನು ಜೋಕುಮಾರ. ಗಣೇಶನ ಬೆನ್ನಿಗೇ ಭಾದ್ರಪದದಲ್ಲಿ ಹುಟ್ಟಿ ಹುಣ್ಣಿಮೆಗೆ ಸಾಯುವ ಏಳು ದಿನದ ದೇವರು. ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ನಡುವೆ ಬಿದಿರ ಬುಟ್ಟಿಯಲ್ಲಿರಿಸಿ, ಅಂಬಿಗರ ಮನೆಯ ಹೆಂಗಸರು ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ಹಾಡುತ್ತಾರೆ. ಮನೆಯವರು ಮೊರದಲ್ಲಿ ಕಾಳು ತಂದು ಸುರಿಯುತ್ತಾರೆ. ಗಣಪ ಉಂಡುಟ್ಟು ಹೋಗಿ ತಂದೆಗೆ ಭೂಲೋಕ ಸುಖವಾಗಿದೆಯೆಂದು ಹೇಳುತ್ತಾನೆ, ಜೋಕುಮಾರ ಮಾತ್ರ ಬಡವರ ಕಷ್ಟವನ್ನು ಕಂಡು ಮಳೆ ಬೇಡುತ್ತಾನೆ ಎಂಬುದು ಜನರ ನಂಬಿಕೆ. ಬರದ ಸೀಮೆಗೆ ಇದಕ್ಕಿಂತ ಒಪ್ಪುವ ಪುರಾಣವನ್ನು ಯಾವ ಕವಿ ತಾನೆ ಕಟ್ಟಿಯಾನು! ಚಂದ್ರಶೇಖರ ಕಂಬಾರರ 1972ರ ನಾಟಕದಿಂದಾಗಿ ಪಟ್ಟಣದ ಓದುಗರಿಗೂ ಈ ದೇವರ ಪರಿಚಯವುಂಟು. ಆದುದರಿಂದ ಅವನನ್ನು ಇಲ್ಲಿಗೆ ಬಿಡುತ್ತೇನೆ.

ಆಶ್ವಯುಜದ ಹುಣ್ಣಿಮೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಯಲಲ್ಲಿ ಇದು ಶೀಗಿ ಹುಣ್ಣಿಮೆ, ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಎರಡು ಕಡೆಯೂ ಅರ್ಥ ಒಂದೇ: ಕಾಳು ಕಟ್ಟುತ್ತಿರುವ ಭೂಮಿ ಬಸುರಿ ಹೆಣ್ಣು, ಅವಳಿಗೆ ಬಯಕೆಯ ಊಟ. ಬಯಲಿನವರು ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಅಡುಗೆಯನ್ನು ಕಲೆಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಒಬ್ಬ ಚೆಲ್ಲುತ್ತ ಮುಂದೆ ನಡೆದರೆ ಇನ್ನೊಬ್ಬ ನೀರು ಚಿಮುಕಿಸುತ್ತ ಹಿಂದೆ. ಒಬ್ಬನ ಕೂಗಿಗೆ ಇನ್ನೊಬ್ಬನ ಓಗೊಡುವಿಕೆ. ಸಂಗೀತಶಾಸ್ತ್ರದವರು ಒಪ್ಪಲಿ ಬಿಡಲಿ, ನಾನಿದನ್ನು ಹಾಡೆಂದೇ ಕರೆಯುವವನು.

ಸಾಗರ, ಸೊರಬದ ಕಡೆ ಇದೇ ಹುಣ್ಣಿಮೆ ಚಿತ್ರಕಲೆಯಾಗುತ್ತದೆ. ದೀವರ ಮನೆಯ ಹೆಂಗಸರು ಮಹಾನವಮಿಯ ಹೊತ್ತಿಗೇ ಬಿದಿರಿನ ಬುಟ್ಟಿಯನ್ನು ತೆಗೆದು ಕೆಮ್ಮಣ್ಣು ಬಳಿಯುತ್ತಾರೆ. ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಭತ್ತದ ಸಸಿ, ತೆನೆ, ಏಣಿ, ಮನುಷ್ಯರು ಬುಟ್ಟಿಯ ಮೈತುಂಬ ಮೂಡುತ್ತಾರೆ. ಇದು ಭೂಮಣ್ಣಿ ಬುಟ್ಟಿ. ಜೊತೆಗೊಂದು ಚಿಕ್ಕದು, ಅಚ್ಚಂಬಲಿಯ ಬುಟ್ಟಿ. ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡಿ, ಬೆರಕೆ ಸೊಪ್ಪಿನ ಅಚ್ಚಂಬಲಿಯನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೋಗಿ ಪೈರಿಗೆ ಪೂಜೆ ಮಾಡುತ್ತಾರೆ. ಮನೆಯೊಡತಿಯ ಕೊರಳ ಸರವನ್ನು ಭತ್ತದ ಬುಡಕ್ಕೆ ತೊಡಿಸುವ ಪದ್ಧತಿಯೂ ಉಂಟು. ಹಂಪೆಯಲ್ಲಿ ಚಿನ್ನದ ಭಾರಕ್ಕೆ ತೋಳು ಸೋತ ಹೆಣ್ಣುಗಳನ್ನು ನೆನೆದು, ಇರುವ ಒಂದೇ ಸರವನ್ನು ಬಿಚ್ಚಿ ಪೈರಿಗೆ ಕಟ್ಟುವ ಈ ಕೈಯನ್ನು ನೋಡಿದರೆ ನನಗಂತೂ ಮಾತು ನಿಲ್ಲುತ್ತದೆ. ಆ ಬುಟ್ಟಿಯ ಮೇಲೆ ಬರೆದವಳ ಹೆಸರಿರುವುದಿಲ್ಲ. ಹಬ್ಬದ ಮರುವರ್ಷ ಅದರ ಮೇಲೆಯೇ ಮತ್ತೆ ಮಣ್ಣು ಬಳಿದು ಹೊಸದಾಗಿ ಬರೆಯುವುದರಿಂದ ಹಳೆಯ ಚಿತ್ರ ಉಳಿಯುವುದೂ ಇಲ್ಲ. ಕಲೆಯ ಚರಿತ್ರೆ ಬರೆಯಹೊರಟವನಿಗೆ ಇದಕ್ಕಿಂತ ಕಷ್ಟದ ವಸ್ತುವಿಲ್ಲ.

ದೀಪಾವಳಿಗೆ ಬಂದರೆ ದೀಪವೇ ನಡೆಯತೊಡಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಅಂಟಿಕೆ-ಪಂಟಿಕೆಯವರೆಂಬ ತಂಡಗಳಿವೆ. ಅಂಟಿಸು ಎಂದರೆ ದೀಪ ಹಚ್ಚು. ಹೆಸರು ಅದರಿಂದ ಬಂದುದೆಂದು ಬಲ್ಲವರು ಹೇಳುತ್ತಾರೆ. ಊರ ದೇವರ ಮುಂದೆ ಹೊತ್ತಿಸಿದ ದೀಪವನ್ನು ಹಿಡಿದು ಹತ್ತು ಹನ್ನೆರಡು ಗಂಡಸರು ಕತ್ತಲಾದ ಮೇಲೆ ಹೊರಡುತ್ತಾರೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಗುಡ್ಡ, ಹಳ್ಳ, ತೋಟದ ಸಂಕ. ಬಾಗಿಲು ಮುಚ್ಚಿರುತ್ತದೆ, ಬಾಗಿಲು ತೆಗೆಯಿರೆಂದು ಹಾಡಿನಲ್ಲಿಯೇ ಕೇಳಬೇಕು. ಮುಂದಿನ ಇಬ್ಬರು ಎತ್ತಿದ ಸೊಲ್ಲನ್ನು ಹಿಂದಿನವರು ಹಿಡಿಯುತ್ತಾರೆ, ವಾದ್ಯವಿಲ್ಲ. ಬಾಗಿಲು ತೆರೆದು ಬಂದ ಮನೆಯಾಕೆ ಬಂದ ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ಅದರಿಂದ ತನ್ನ ದೀಪವನ್ನು ಹೊತ್ತಿಸಿಕೊಳ್ಳುತ್ತಾಳೆ. ಬಲೀಂದ್ರನ ಕಥೆ ಹಾಡಿ, ಅಕ್ಕಿ ಅಡಿಕೆ ಪಡೆದು ಮುಂದಿನ ಮನೆಗೆ. ಬೆಳಗಾಗುವವರೆಗೆ ಹೀಗೆಯೇ, ಹಲವು ರಾತ್ರಿಗಳು ಹೀಗೆಯೇ. ದೀಪ ಆರಕೂಡದು. ನಾನು ಹೊಸನಗರದ ಕಡೆ ಇಂಥ ತಂಡವೊಂದರ ಹಿಂದೆ ಒಂದು ರಾತ್ರಿ ನಡೆದಿದ್ದೇನೆ. ಕೇಳಿದ ಹಾಡಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು ಎರಡು ಮನೆಗಳ ನಡುವಿನ ಮೌನ, ಗಾಳಿಗೆ ಅಡ್ಡ ಹಿಡಿದ ಅಂಗೈಯ ಕೆಂಪು.

ಪುಸ್ತಕಗಳಲ್ಲಿ ಅಂಟಿಕೆ-ಪಂಟಿಕೆಯ ಜೊತೆಗೆ ಸೇರಿಸಿ ಹೇಳದಿರುವ, ಆದರೆ ಸೇರಿಸಲೇಬೇಕಾದ ಇನ್ನೊಂದು ದೀಪವಿದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆನ್ನುವ ಸೂರಗೊಂಡನಕೊಪ್ಪ ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಜಗಳೂರಿನ ಸುತ್ತಲೂ ತಾಂಡಾಗಳಿವೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ತಾಂಡಾದ ಮದುವೆಯಾಗದ ಹುಡುಗಿಯರು ದೀಪ ಹಿಡಿದು, ಮೊದಲು ನಾಯಕನ ಮನೆಗೆ, ಆಮೇಲೆ ಪ್ರತಿಯೊಂದು ಮನೆಗೂ ಹೋಗಿ ಹಾಡಿ ಹರಸುತ್ತಾರೆ. ಇದನ್ನು ಮೇರಾ ಎನ್ನುತ್ತಾರೆ. ಮರುದಿನ ಹೊಲ ಅಡವಿಗಳಿಗೆ ಹೋಗಿ ಹೂ ತಂದು, ಸಗಣಿಯ ಗುಪ್ಪೆಗಳಿಗೆ ಮುಡಿಸಿ ಮನೆಮನೆಯ ಮುಂದೆ ಇಡುತ್ತಾರೆ. ಮುಂದಿನ ದೀಪಾವಳಿಗೆ ಮದುವೆಯಾಗಿ ಬೇರೆ ತಾಂಡಾದಲ್ಲಿರುವವಳಿಗೆ ಇದೇ ಕಡೆಯ ಮೇರಾ. ಹೂ ತರಲು ಹೋದಲ್ಲಿ ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿ ಅಳುವುದುಂಟು. ಕಾಡಿನ ನಡುವೆ ಗಂಡಸರು ಕನ್ನಡದಲ್ಲಿ ಹಾಡುತ್ತ ಒಯ್ಯುವ ದೀಪ, ಬಯಲಿನಲ್ಲಿ ಹುಡುಗಿಯರು ಗೋರ್ ಬೋಲಿಯಲ್ಲಿ ಹಾಡುತ್ತ ಒಯ್ಯುವ ದೀಪ. ಯಾರು ಯಾರಿಂದ ಕಲಿತರೆಂದು ಕೇಳುವುದು ವ್ಯರ್ಥ. ಕತ್ತಲೆ ಎರಡು ಕಡೆಯೂ ಅಷ್ಟೇ ಇದ್ದಿತು.

ಹೊನ್ನಾಳಿ, ಶಿಕಾರಿಪುರದ ಕಡೆಯ ಹೋರಿ ಬೆದರಿಸುವ ಹಬ್ಬವನ್ನು ಕೈಬಿಟ್ಟೆನೆಂದು ಯಾರೂ ದೂರಬಾರದು. ಕೊಬ್ಬರಿಯ ಸರ ಕಟ್ಟಿ ಓಡಿಸಿದ ಹೋರಿಯಿಂದ ಅದನ್ನು ಕಿತ್ತುಕೊಳ್ಳುವ ಆಟ ಬಲಿಪಾಡ್ಯಮಿಯಿಂದ ವಾರಗಟ್ಟಲೆ ನಡೆಯುತ್ತದೆ, ಆಗಾಗ ಪ್ರಾಣವನ್ನೂ ಬೇಡುತ್ತದೆ. ಅದಕ್ಕೆ ಬೇಕಾದಷ್ಟು ವಕೀಲರಿದ್ದಾರೆ.

ನಮ್ಮ ಕಾಲದ ವೇದಿಕೆಗಳಿಗೂ ಈ ನೆಲ ನಡಿಗೆಯನ್ನು ಕಲಿಸಿದೆಯೆನ್ನಬೇಕು. ಸಿರಿಗೆರೆಯ ತರಳಬಾಳು ಹುಣ್ಣಿಮೆ ಮಹೋತ್ಸವ 1950ರಲ್ಲಿ ಮೊದಲಾದದ್ದು ನಮ್ಮ ಜಗಳೂರಿನಲ್ಲಿ. ಅದು ಮಾಘದ ಹಬ್ಬವಾದರೂ ಇಲ್ಲಿ ನೆನೆಯುತ್ತಿರುವುದಕ್ಕೆ ಕಾರಣವುಂಟು: ಅದು ಒಂದೇ ಊರಿನಲ್ಲಿ ನಿಲ್ಲದೆ ಊರಿಂದೂರಿಗೆ ಸಾಗಿತು. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1985ರಲ್ಲಿ ‘ತಿರುಗಾಟ’ವನ್ನು ಹೊರಡಿಸಿತು, ಮಳೆ ಹಿಂದೆಗೆದ ಮೇಲೆ ನಾಟಕ ನಾಡಿನ ಬಾಗಿಲು ತಟ್ಟುತ್ತದೆ. ಆದರೆ ಸರ್ಕಾರಿ ಉತ್ಸವಗಳಲ್ಲಿ ಅಂಟಿಕೆ-ಪಂಟಿಕೆಯವರನ್ನು ವಿದ್ಯುದ್ದೀಪದ ಕೆಳಗೆ ನಿಲ್ಲಿಸಿ ಹತ್ತು ನಿಮಿಷ ಹಾಡಿಸುವುದನ್ನು ನೋಡಿದಾಗ ಮಹಾನವಮಿ ದಿಬ್ಬ ಮತ್ತೆ ಎದ್ದಂತೆ ನನಗೆ ಕಾಣುತ್ತದೆ. ತೆರೆಯಬೇಕಾದ ಬಾಗಿಲೇ ಅಲ್ಲಿಲ್ಲ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿ ಮಲೆನಾಡಿನ ದನಿ ಮನೆಮನೆಗೆ ತಲುಪಿತೆಂಬ ಋಣವನ್ನು ನಾನು ಮರೆತಿಲ್ಲ. ಬಾನುಲಿಯಾದರೂ ಮನೆಯ ಒಳಕ್ಕೆ ಬರುತ್ತದೆ. ಎಣ್ಣೆ ಎರೆಯುವುದಕ್ಕೆ ಮಾತ್ರ ಅವಕಾಶವಿಲ್ಲ.

ಇನ್ನೊಂದು ಬದಲಾವಣೆ ಹೆಚ್ಚು ಆಳದ್ದು. 1947ರಲ್ಲಿ ಕೆಲಸ ಮೊದಲಾಗಿ 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟೆಯ ನೀರು ಚನ್ನಗಿರಿ, ಹೊನ್ನಾಳಿ, ದಾವಣಗೆರೆಗಳಿಗೆ ಎರಡನೆಯ ಭತ್ತದ ಬೆಳೆಯನ್ನು ತಂದಿತು. ಮಳೆಗಾಲದ ಬೆಳೆಗೆ ಭೂಮಿ ಹುಣ್ಣಿಮೆಯುಂಟು. ಬೇಸಿಗೆಯಲ್ಲಿ ಹೊಡೆಯೊಡೆಯುವ ಭತ್ತಕ್ಕೆ ಬಯಕೆಯ ಊಟವಿಲ್ಲ, ಹಾಡಿಲ್ಲ. ಅದು ಬರಿಯ ಇಳುವರಿ. ಆಮೇಲೆ ಗದ್ದೆಗಳೇ ಅಡಿಕೆ ತೋಟಗಳಾದವು. ವರ್ಷವಿಡೀ ನಿಂತಿರುವ ಮರಕ್ಕೆ ಯಾವ ಹುಣ್ಣಿಮೆಯಲ್ಲಿ ಬಸುರಿಯ ಸರ ತೊಡಿಸಬೇಕು? ಈ ಪ್ರಶ್ನೆಯನ್ನು ಚನ್ನಗಿರಿಯ ಕಡೆಯ ಒಬ್ಬ ಮುದುಕಿಯ ಮುಂದಿಟ್ಟೆ. ತೋಟದ ಮೂಲೆಯಲ್ಲಿ ನಾಲ್ಕು ಗುಣಿ ಭತ್ತ ಹಾಕಿಕೊಂಡಿದ್ದೇವಲ್ಲ ಎಂದಳು. ಹಬ್ಬಕ್ಕೆಂದೇ ಬೆಳೆದ ಭತ್ತ! ಹಿಂದೆ ಬೆಳೆ ಹಬ್ಬವನ್ನು ಹೆರುತ್ತಿತ್ತು, ಈಗ ಹಬ್ಬ ಬೆಳೆಯನ್ನು.

ಜಗಳೂರಿಗೆ ಆ ಕಾಲುವೆ ಬರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದುದನ್ನು ಇಲ್ಲಿಯ ಜನ ಜೋಕುಮಾರನ ಹಾಡಿನಷ್ಟೇ ಶ್ರದ್ಧೆಯಿಂದ ಕೇಳಿದ್ದಾರೆ. ಈ ನಡುವೆ ತಾಂಡಾಗಳಲ್ಲಿ ದೀಪಾವಳಿ ಮುಗಿಯುವುದನ್ನೇ ಕಾದು ಕಬ್ಬಿನ ಸೀಮೆಗೆ, ಕಾಫಿಯ ತೋಟಗಳಿಗೆ ಕೂಲಿಗೆಂದು ಹೊರಡುತ್ತಾರೆ. ಮುಂಗಡ ಹಣ ಕೊಟ್ಟ ಮೇಸ್ತ್ರಿ ಅದಕ್ಕೂ ಮೊದಲೇ ಕರೆಯುತ್ತಾನೆ. ಮೇರಾ ಮುಗಿಯಲಿ ಎಂದು ಹೆಂಗಸರು ಹಟ ಹಿಡಿಯುತ್ತಾರೆ. ಹಬ್ಬ ಕಳೆದ ಕೆಲವೇ ದಿನಗಳಲ್ಲಿ ಲಾರಿ ಬಂದು ತಾಂಡಾದ ಮುಂದೆ ನಿಲ್ಲುತ್ತದೆ. ಮನೆಗಳ ಮುಂದಿನ ಸಗಣಿಯ ಗುಪ್ಪೆಗಳ ಮೇಲೆ ಹುಡುಗಿಯರು ಮುಡಿಸಿದ ಹೂಗಳು ಆಗಲೂ ಪೂರ್ತಿ ಬಾಡಿರುವುದಿಲ್ಲ.