ನಾಳೆಗೆ ಮುಗಿದಿರುವ ಕೆಲಸ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಹೇರಿ ಕಳಿಸಿದ ರೈತ ‘ಸಂಜೀಕ ಗಾಡಿ ಭೂಸನೂರ ಮುಟ್ಟಿರ್ತದ’ ಎಂದರೆ, ಇನ್ನೂ ಆಗದ ಕೆಲಸವನ್ನು ಆಗಿಹೋದದ್ದೆಂದು ಲೆಕ್ಕ ಹಿಡಿದಂತೆ.

13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ದ, ದಪ, ವ ಪ್ರತ್ಯಯಗಳಿಂದ ಮೂರೇ ಕಾಲ ಗುರುತಿಸಿದ. ಆದರೆ ಆಡುಮಾತು ‘ಮುಟ್ಟಿ’ಗೆ ‘ಇರು’ ಜೋಡಿಸಿ ಈ ಸೂಕ್ಷ್ಮವನ್ನು ಸೊಗಸಾಗಿ ಹಿಡಿದಿದೆ.

ಫ್ರೆಂಚಿನ ಕಥೆಯೂ ಹತ್ತಿರದ್ದೇ. ಲ್ಯಾಟಿನ್ನಿಗೆ ‘ಅಮಾವೆರೊ’ (ಪ್ರೀತಿಸಿರುತ್ತೇನೆ) ಎಂಬ ಒಂದೇ ಪದ ಸಾಕಿತ್ತು. ಫ್ರೆಂಚ್ ಅದನ್ನು ಬಿಟ್ಟು, ‘ಅವ್ವಾರ್’ ಅಥವಾ ‘ಎತ್ರ್’ ಎಂಬ ಸಹಾಯಕ ಕ್ರಿಯಾಪದದ ಭವಿಷ್ಯರೂಪಕ್ಕೆ ಭೂತಕೃದಂತ ಸೇರಿಸಿತು: ‘ಒರಾ ಫಿನಿ’ ಎಂದರೆ ಮುಗಿಸಿರುತ್ತಾನೆ, ‘ಸರಾ ಅರಿವೇ’ ಎಂದರೆ ತಲುಪಿರುತ್ತಾನೆ. ‘ಪಾಪ, ಮರೆತಿರುತ್ತಾನೆ’ ಎಂಬಂಥ ಊಹೆಗೂ ಕನ್ನಡ, ಫ್ರೆಂಚ್ ಎರಡೂ ಇದೇ ರೂಪ ಬಳಸುತ್ತವೆ.

ಕಲಬುರಗಿಯ ಮಕ್ಕಳಿಗೆ ಫ್ರೆಂಚ್ ಕಲಿಸುವವರು ಮೊದಲು ಮನೆಮಾತಿನ ‘ಮುಟ್ಟಿರ್ತದ’ವನ್ನೇ ತೋರಿಸಲಿ.