ಎದೆ ಢವಢವ ಅಂದಾಗ ನೆನಪಾಗುವ ಇಬ್ಬರು ಹುಡುಗರು

ನಾಲ್ಕು ಜನರ ಮುಂದೆ ಎದ್ದು ನಿಂತರೆ ನನಗೆ ಈಗಲೂ ಗಂಟಲು ಒಣಗುತ್ತೆ. ಡಿಗ್ರಿ ಮುಗಿಸಿ ಮೊದಲ ಸಲ ಇಂಟರ್‌ವ್ಯೂಗೆ ಅಂತ ಕೆ.ಆರ್.ಪೇಟೆಯಿಂದ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಎದುರು ಕೂತಿದ್ದ ಮೂವರಲ್ಲಿ ಒಬ್ಬರು ಕೇಳಿದ್ದು "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅಂತ ಅಷ್ಟೇ. ನನಗೆ ನನ್ನೂರಿನ ಹೆಸರೇ ಬಾಯಿಗೆ ಬರಲಿಲ್ಲ! ಕೊಟ್ಟ ನೀರಿನ ಲೋಟ ಕೈಯಲ್ಲಿ ನಡುಗಿ, ಅರ್ಧ ನೀರು ಮಾರ್ಕ್ಸ್ ಕಾರ್ಡುಗಳ ಫೈಲಿನ ಮೇಲೆ. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ಬಿಡಿ.

ಅದಾದ ಎಷ್ಟೋ ವರ್ಷದ ಮೇಲೆ ಒಂದು ಹಳೇ ಪುಸ್ತಕ ಓದುವಾಗ ಆ ಲೋಟ ನೆನಪಾಯಿತು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದ ಮೇಜರ್ ಅಲೆಕ್ಸಾಂಡರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಒಂದು ಮಾರ್ಕಿನ ಪ್ರಶ್ನೆ. ಆದರೆ ಆ ಮಕ್ಕಳಿಗೆ ಆವತ್ತು ಹೇಗಿದ್ದಿರಬಹುದು ಅಂತ ನಾನಂತೂ ಯೋಚಿಸಿರಲಿಲ್ಲ.

ಆಗಿದ್ದು ಇಷ್ಟು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ನಮ್ಮ ಪಾಂಡವಪುರದ ಹತ್ತಿರ, ಅಂದರೆ ಆಗ ಫ್ರೆಂಚ್ ರಾಕ್ಸ್ ಅಂತ ಕರೀತಿದ್ದ ಗುಡ್ಡಗಳ ಬಳಿ ಬೀಡುಬಿಟ್ಟಿತ್ತು. 6ನೇ ತಾರೀಖು ರಾತ್ರಿ ದಾಳಿ. ಆಮೇಲೆ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ. ಕೊನೆಗೆ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಅದು ತೀರುವ ತನಕ ಇಬ್ಬರು ಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್‌ಗೆ ಹತ್ತು ವರ್ಷ, ಮುಯಿಜುದ್ದೀನ್‌ಗೆ ಎಂಟು ವರ್ಷ ಇರಬಹುದು ಅಂತ ಡಿರೋಮ್ ಬರೀತಾನೆ. ಇನ್ನೊಂದು ಮಾತೂ ಬರೀತಾನೆ. ಚಿಕ್ಕವನ ತಾಯಿ ಆ ದಾಳಿಯ ಗಾಬರಿಗೇ ಕೆಲವು ದಿನಗಳಲ್ಲಿ ತೀರಿಕೊಂಡಿದ್ದಳಂತೆ. ಅಂದರೆ ತಾಯಿ ಸತ್ತು ತಿಂಗಳೂ ಆಗಿಲ್ಲದ ಹುಡುಗ ಅವನು.

ಫೆಬ್ರವರಿ 26. ಮಕ್ಕಳು ಆನೆ ಏರಿ ಕೋಟೆಯಿಂದ ಹೊರಟರು. ಟಿಪ್ಪು ಕೋಟೆಯ ಮೇಲೆ ನಿಂತು ನೋಡುತ್ತಿದ್ದ. ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರಗಳು. ಜೊತೆಗೆ ವಕೀಲ ಗುಲಾಂ ಅಲಿ ಖಾನ್. ಇಂಗ್ಲಿಷರ ಬೀಡಿನಲ್ಲಿ 21 ತೋಪು ಹಾರಿದವು. ಕೆಲವೇ ದಿನದ ಹಿಂದೆ ಅದೇ ಸೈನ್ಯದ ತೋಪುಗಳು ಅವರ ಮನೆ ಕಡೆ ತಿರುಗಿದ್ದವು! ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೇ ಬಂದು ಇಬ್ಬರನ್ನೂ ಅಪ್ಪಿಕೊಂಡು, ಎರಡೂ ಕೈಯಲ್ಲಿ ಒಬ್ಬೊಬ್ಬರನ್ನು ಹಿಡಿದು ಒಳಗೆ ಕರೆದೊಯ್ದು ಅಕ್ಕಪಕ್ಕ ಕೂರಿಸಿಕೊಂಡ. ಇನ್ನು ಮೇಲೆ ನೀವೇ ಇವರಿಗೆ ತಂದೆ ಅನ್ನುವ ಅರ್ಥದ ಮಾತನ್ನು ವಕೀಲ ಹೇಳಿದ. ಇಬ್ಬರಿಗೂ ಚಿನ್ನದ ಗಡಿಯಾರ ಸಿಕ್ಕಿತು, ವೀಳ್ಯ ಅತ್ತರು ಆಯಿತು. ಆ ಹುಡುಗರು ದೊಡ್ಡವರ ಹಾಗೆ ನಡೆದುಕೊಂಡಿದ್ದು ನೋಡಿ ಸೇರಿದ್ದವರೆಲ್ಲ ಬೆರಗಾದರಂತೆ.

ಹುಡುಗರು ಬರೀ ಸುಮ್ಮನೆ ಕೂರುವವರೂ ಆಗಿರಲಿಲ್ಲ. ಮಾರ್ಚ್‌ನಲ್ಲಿ ಒಪ್ಪಂದದ ಪತ್ರಗಳನ್ನು ಒಪ್ಪಿಸಿದ್ದೂ ಅವರ ಕೈಯಿಂದಲೇ. ಆಗ ಮರಾಠರ ವಕೀಲ ಏನೋ ಗೊಣಗಿದ. ಏನು ಗೊಣಗ್ತಿದ್ದೀರಿ, ನಿಮ್ಮ ಕಡೆಯವರಿಗೆ ಬೇಸರ ಪಡೋಕೆ ಏನಿದೆ ಅಂತ ಆ ಹುಡುಗರಲ್ಲೊಬ್ಬ ಅಲ್ಲೇ ಕೇಳಿಬಿಟ್ಟ!

ಈಗ ತಮಾಷೆ ನೋಡಿ. ಆ ಡೇರೆಯಲ್ಲಿ ಆತಿಥ್ಯ ಮಾಡಿದ ಕಾರ್ನ್‌ವಾಲಿಸ್, 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತಿದ್ದ. ಶರಣಾಗತಿಯ ದಿನ ತಾನು ಬರಲೇ ಇಲ್ಲ. ಮೈ ಸರಿ ಇಲ್ಲ ಅಂತ ಹೇಳಿ ಓ'ಹಾರಾ ಅನ್ನುವ ತನ್ನ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಯುದ್ಧದಲ್ಲಿ ಪಳಗಿದ ಸೇನಾಪತಿ ಎದುರಿಸದ ಆ ಥರದ ಗಳಿಗೆಯನ್ನು ಎಂಟು ವರ್ಷದ ಹುಡುಗ ಎದುರಿಸಿದ್ದ. ಇದು ಓದಿದ ಮೇಲೆ ನನ್ನ ನೀರಿನ ಲೋಟದ ಬಗ್ಗೆ ನನಗೆ ಅಷ್ಟೊಂದು ನಾಚಿಕೆ ಉಳಿಯಲಿಲ್ಲ :)

ಇದನ್ನೆಲ್ಲ ಬರೆದವರು ಗೆದ್ದ ಕಡೆಯವರು ಅನ್ನೋದನ್ನೂ ಮರೆಯಬಾರದು. ರಾಬರ್ಟ್ ಹೋಮ್, ಮ್ಯಾಥರ್ ಬ್ರೌನ್ ಥರದ ಚಿತ್ರಕಾರರು ಈ ದೃಶ್ಯ ಬರೆದಿದ್ದರಲ್ಲೂ ಇಂಗ್ಲಿಷರ ದೊಡ್ಡಗುಣ ತೋರಿಸುವ ಆಸೆ ಕಾಣುತ್ತೆ. ಅಪ್ಪನಿಂದ ಮಕ್ಕಳನ್ನು ಕಿತ್ತುಕೊಂಡಿದ್ದೂ ಅವರೇ ತಾನೆ? ಮಕ್ಕಳು ವಾಪಸ್ ಬಂದಿದ್ದು 1794ರಲ್ಲಿ, ದೇವನಹಳ್ಳಿಯಲ್ಲಿ.

ಹಾಗಾದರೆ ಅದು ಹುಟ್ಟುಗುಣವೇ? ಅಲ್ಲ ಅನ್ನಿಸಿದ್ದು ಮುಂದಿನ ಕಥೆ ಓದಿ. 1799 ಮೇ 4, ಕೋಟೆ ಬಿದ್ದ ದಿನ. ಮೇಜರ್ ಅಲನ್ ಬಿಳಿ ಬಾವುಟ ಹಿಡಿದು ಅರಮನೆಯೊಳಗೆ ಹೋದಾಗ ಮುಯಿಜುದ್ದೀನ್ ಅಲ್ಲಿದ್ದ. ಈಗ ಹದಿನೈದರ ಹುಡುಗ. 1792ರಲ್ಲೂ ಅವನನ್ನು ನೋಡಿದ್ದ ಅಲನ್ ಹೇಳುವ ಪ್ರಕಾರ, ಎಷ್ಟು ಮುಚ್ಚಿಟ್ಟರೂ ಆವತ್ತು ಭಯ ಎದ್ದು ಕಾಣುತ್ತಿತ್ತು. ಇರದೆ ಏನು? ಅಪ್ಪ ಎಲ್ಲಿದ್ದಾನೆ ಅಂತ ಗೊತ್ತಿಲ್ಲ, ಬಾಗಿಲಲ್ಲಿ ಶತ್ರು ಸೈನ್ಯ. 1792ರಲ್ಲಿ ಎಲ್ಲಿ ಕೂರಬೇಕು, ಹೇಗೆ ಸಲಾಮು ಮಾಡಬೇಕು ಎಲ್ಲ ಕಲಿಸಿದ್ದರು. ಪಕ್ಕದಲ್ಲಿ ಅಣ್ಣ ಇದ್ದ, ಗೊತ್ತಿರುವ ವಕೀಲ ಇದ್ದ. 1799ರದ್ದಕ್ಕೆ ಯಾರೂ ತಯಾರಿ ಮಾಡಿಸಿರಲಿಲ್ಲ. ಅಲನ್ ಆ ಹುಡುಗನ ಕೈ ಹಿಡಿದು ಧೈರ್ಯ ಹೇಳಿ ಹೊರಗೆ ಕರೆತಂದ. ಹೊರಗಿದ್ದ ಜನರಲ್ ಬೇರ್ಡ್ ಹಿಂದೆ ಅದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಅವನೂ ಹುಡುಗನ ಜೊತೆ ಮೃದುವಾಗೇ ನಡೆದುಕೊಂಡ.

ನನಗೆ ಉಳಿದದ್ದು ಇಷ್ಟು. ಒಂದು, ಮುಂದೇನು ಅಂತ ಮೊದಲೇ ಗೊತ್ತಿದ್ದರೆ, ಪಕ್ಕದಲ್ಲಿ ನಮ್ಮವರೊಬ್ಬರಿದ್ದರೆ ಎದೆ ಸ್ವಲ್ಪ ನಿಲ್ಲುತ್ತೆ. ಎರಡು, ಎದುರಿನವರು ಮೊದಲು ಕೈ ಚಾಚಿದರೆ ಇನ್ನೂ ಸ್ವಲ್ಪ ನಿಲ್ಲುತ್ತೆ.

ಹೋದ ವರ್ಷ ನಾನೇ ಮೇಜಿನ ಆ ಕಡೆ ಕೂರುವ ಹಾಗಾಯಿತು. ನಾಗಮಂಗಲ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು, ಫೈಲು ಹಿಡಿದ ಕೈ ನಡುಗುತ್ತಿತ್ತು. "ನಿಮ್ಮ ಬಗ್ಗೆ ಹೇಳಿ" ಅನ್ನಲಿಲ್ಲ. "ಎಷ್ಟು ಗಂಟೆ ಬಸ್ಸಿಗೆ ಹೊರಟ್ಯಮ್ಮ, ತಿಂಡಿ ಆಯ್ತಾ?" ಅಂದೆ. ನಕ್ಕಳು. ಆಮೇಲೆ ಅರ್ಧ ಗಂಟೆ ಚೆನ್ನಾಗಿ ಮಾತಾಡಿದಳು.

ನಿಮಗೂ ಇಂಥ ಲೋಟ ನಡುಗಿದ ಕಥೆ ಇದ್ದೇ ಇರುತ್ತೆ. ನಾಚಿಕೆ ಬಿಟ್ಟು ಹೇಳಿ, ನಾನಂತೂ ಹೇಳಿದ್ದಾಯ್ತು.